ಸತ್ಯಭಾಮೆಯ ಸಂಗೀತನಾಟಕ: ಘಟಪ್ರಭೆಯ ದಂಡೆಯ ಶ್ರೀಕೃಷ್ಣ ಪಾರಿಜಾತ

ಶ್ರೀಕೃಷ್ಣ ಪಾರಿಜಾತವನ್ನು ಜಾನಪದದ ಅಧ್ಯಾಯಕ್ಕೆ ಸೇರಿಸುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ದೊಡ್ಡಾಟ, ಸಣ್ಣಾಟ, ಗೊಂಬೆಯಾಟಗಳ ಸಾಲಿನಲ್ಲಿ ಅದಕ್ಕೂ ಒಂದಿಷ್ಟು ಜಾಗ ಸಿಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗರು ಜಾತ್ರೆಯಲ್ಲಿ ರಾತ್ರಿಯಿಡೀ ನೋಡುವ ಆಟ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಕನ್ನಡ ಸಂಗೀತನಾಟಕದ ಚರಿತ್ರೆ ಹೇಳುವ ಹೊತ್ತು ಬಂದರೆ ಕಂಪನಿ ನಾಟಕಗಳಿಂದ, ಅವುಗಳ ಪರದೆ, ಟಿಕೀಟು, ಹಸ್ತಪತ್ರಿಕೆಗಳಿಂದ ಶುರುಮಾಡುತ್ತೇವೆ. ಈ ವಿಂಗಡಣೆ ಸರಿಯಲ್ಲ ಎಂಬುದು ಈ ಲೇಖನದ ವಾದ. ಪಾರಿಜಾತಕ್ಕೆ ಹೆಸರುಳ್ಳ ಕವಿಗಳಿದ್ದಾರೆ. ಅದರ ಪದಗಳಿಗೆ ಗೊತ್ತಾದ ಧಾಟಿಗಳಿವೆ, ಅವನ್ನು ಹಾಡಲು ವರ್ಷಗಟ್ಟಲೆ ತಾಲೀಮು ಬೇಕು, ಆಟದ ನಟ್ಟನಡುವೆ ಮಾನವತಿಯಾದ ಒಬ್ಬ ರಾಣಿ, ಕೃಷ್ಣನ ಹೆಂಡತಿ ಸತ್ಯಭಾಮೆ, ಇದ್ದಾಳೆ. ಯುರೋಪಿನಲ್ಲಿ ಇಂಥ ಕೃತಿಯನ್ನು ಆಪೆರಾ ಎಂದು ಕರೆದು ಗ್ರಂಥಭಂಡಾರದಲ್ಲಿ ಕಾಪಿಟ್ಟರು. ನಾವು ಇದನ್ನು ಜನರ ಪಾಡಿಗೆ ಬಿಟ್ಟೆವು. ಜನ ಅದನ್ನು ಉಳಿಸಿಕೊಂಡರು ನಿಜ, ಆದರೆ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವನ್ನು ವಿದ್ವತ್ತು ಇನ್ನೂ ಕೊಟ್ಟಿಲ್ಲ.

ಮೊದಲು ಊರು ಮತ್ತು ಹೆಸರುಗಳ ಸಾಕ್ಷಿಯನ್ನು ನೋಡಬೇಕು. ಪಾರಿಜಾತದ ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು ಈ ಭಾಗದ ರಂಗಕ್ಕೆ ಒಗ್ಗಿಸಿ, ತಿದ್ದಿ, ಜನಪ್ರಿಯಗೊಳಿಸಿದವನು ಹತ್ತೊಂಬತ್ತನೆಯ ಶತಮಾನದ ಕುಲಗೋಡ ತಮ್ಮಣ್ಣ. ಕುಲಗೋಡ ಬೆಳಗಾವಿ ಜಿಲ್ಲೆಯ ಹಳೆಯ ಗೋಕಾಕ ತಾಲ್ಲೂಕಿನ ಊರು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಅದೇ ಹಳೆಯ ಗೋಕಾಕ ತಾಲ್ಲೂಕಿನ ಇನ್ನೊಂದು ಊರು ಕೌಜಲಗಿ. ಪಾರಿಜಾತದ ಮಾತು ಬಂದಲ್ಲೆಲ್ಲ ನೆನಪಾಗುವ ನಿಂಗಮ್ಮ ಆ ಊರಿನವಳು. ಕವಿಯ ಊರು, ಕಲಾವಿದೆಯ ಊರು ಎರಡೂ ಒಂದೇ ಸೀಮೆಯಲ್ಲಿರುವುದು ಆಕಸ್ಮಿಕವಲ್ಲ. ಆಟವೊಂದು ಒಂದು ನೆಲದಲ್ಲಿ ಬೇರೂರಬೇಕಾದರೆ ಬರೆಯುವವರು, ಕಲಿಸುವವರು, ಹಾಡುವವರು, ಕೂತು ಕೇಳುವವರು ಎಲ್ಲರೂ ನಡೆದು ತಲುಪುವಷ್ಟು ಹತ್ತಿರದಲ್ಲಿರಬೇಕು. ಮೂಲ ಬೇರೆ ಕಡೆಯದಾದ ಮೇಲೆ ಇದನ್ನು ಗೋಕಾಕ ಸೀಮೆಯ ಕೃತಿ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಇಟಲಿಯ ಕವಿ ಮೆಟಾಸ್ಟಾಸಿಯೊ ಕಾರ್ಥೇಜಿನ ರಾಣಿ ದೀದೋಳ ಮೇಲೆ ಬರೆದ ಪಠ್ಯ 1724ರಲ್ಲಿ ನೇಪಲ್ಸ್ ನಗರದಲ್ಲಿ ಮೊದಲ ಸಲ ರಂಗಕ್ಕೆ ಬಂತು. ಮುಂದೆ ಅದೇ ಪಠ್ಯಕ್ಕೆ ಐವತ್ತಕ್ಕೂ ಹೆಚ್ಚು ಸಂಗೀತಗಾರರು ತಮ್ಮ ತಮ್ಮ ಸಂಗೀತ ಕೂಡಿಸಿದರು. ಪ್ರತಿಯೊಬ್ಬರದೂ ಬೇರೆ ಕೃತಿಯೆಂದೇ ಎಣಿಕೆಯಾಯಿತು. ಸಂಗೀತನಾಟಕದಲ್ಲಿ ಪಠ್ಯವೊಂದು ಊರಿಂದೂರಿಗೆ ಹೋಗಿ ಹೊಸ ರಾಗ, ಹೊಸ ಮಾತು, ಹೊಸ ನಡಿಗೆ ಪಡೆಯುವುದು ಸಹಜ ಧರ್ಮ. ಅಪರಾಳದಿಂದ ಕುಲಗೋಡಕ್ಕೆ ಬಂದ ಪಾರಿಜಾತ ಪಡೆದದ್ದೂ ಅಂಥದೇ ಎರಡನೆಯ ಜನ್ಮ.

ಇನ್ನು ಆಟದ ಕಟ್ಟಡವನ್ನು ಹತ್ತಿರದಿಂದ ನೋಡೋಣ. ಊರವರು ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ, ಜಾತ್ರೆಗೋ ಹಬ್ಬಕ್ಕೋ ಮೇಳವನ್ನು ಕರೆಸುತ್ತಾರೆ. ರಾತ್ರಿ ಊಟ ಮುಗಿದ ಮೇಲೆ ಅಟ್ಟದ ಮೇಲೆ ಪೇಟಿ, ತಬಲಾ, ತಾಳಗಳ ಹಿಮ್ಮೇಳ ಕೂಡುತ್ತದೆ. ಸ್ತುತಿಯ ನಂತರ ಭಾಗವತ ಮುಂದೆ ಬರುತ್ತಾನೆ. ಈ ಭಾಗವತನೇ ಇಡೀ ಆಟದ ಕೀಲಿ. ಅವನು ಕಥೆ ಹೇಳುತ್ತಾನೆ, ಪಾತ್ರಗಳನ್ನು ಮಾತಾಡಿಸುತ್ತಾನೆ, ಮುಂದಿನ ಗಳಿಗೆಗೆ ಅರಸಿಯ ಸಖಿಯಾಗಿ ದೂತಿಯಾಗಿ ಅವಳ ಎದುರು ನಿಲ್ಲುತ್ತಾನೆ. ಸತ್ಯಭಾಮೆ ತನ್ನ ಸಂಕಟವನ್ನು ಪದದಲ್ಲಿ ಹಾಡುತ್ತಾಳೆ. ಪದದ ಕೊನೆಯ ಸಾಲನ್ನು ಹಿಮ್ಮೇಳ ಎತ್ತಿಕೊಂಡು ಮತ್ತೆ ಮತ್ತೆ ಹಾಡಿ ಆ ಭಾವವನ್ನು ಕೇಳುವವರ ಕಿವಿಯಲ್ಲಿ ನಿಲ್ಲಿಸುತ್ತದೆ. ಹಾಡು ನಿಂತ ಕೂಡಲೇ ಮಾತು ಶುರುವಾಗುತ್ತದೆ. ಹಾಡಿನ ಭಾಷೆ ಗ್ರಂಥಸ್ಥ, ಕಂದ ದ್ವಿಪದಿಗಳ ಬಿಗಿ ಉಳ್ಳದ್ದು. ಮಾತಿನ ಭಾಷೆ ಗೋಕಾಕ ಸಂತೆಯಲ್ಲಿ ಕೇಳುವ ಅಪ್ಪಟ ಹಳ್ಳಿಯ ಕನ್ನಡ. ಅರಸಿ ಪುರಾಣದಲ್ಲಿ ನಿಂತು ಹಾಡುತ್ತಾಳೆ, ಸಖಿ ನೆಲದ ಮೇಲೆ ನಿಂತು ಅವಳನ್ನು ಕೆಣಕುತ್ತಾಳೆ, ಸಮಾಧಾನಪಡಿಸುತ್ತಾಳೆ, ಬುದ್ಧಿ ಹೇಳುತ್ತಾಳೆ. ಹಾಡು ಭಾವವನ್ನು ಹಿಡಿದು ನಿಲ್ಲಿಸುವುದು, ಮಾತು ಕಥೆಯನ್ನು ಮುಂದೆ ಸಾಗಿಸುವುದು, ಈ ಹಂಚಿಕೆಯ ಮೇಲೆಯೇ ಬರೋಕ್ ಕಾಲದ ಆಪೆರಾ ಕೂಡ ನಿಂತಿದೆ. ಅಲ್ಲಿ ಮಾತಿನ ಭಾಗವನ್ನೂ ಅರ್ಧ ಹಾಡಿನಂತೆ ನುಡಿಯುತ್ತಾರೆ, ಇಲ್ಲಿ ನೇರ ಮಾತಿನಲ್ಲೇ ಆಡುತ್ತಾರೆ. ಅಲ್ಲಿ ಏಕಗೀತದ ಮೊದಲ ಭಾಗವನ್ನು ಗಾಯಕರು ಮತ್ತೆ ಹಾಡುವಾಗ ತಮ್ಮ ಕಂಠದ ಅಲಂಕಾರ ತುಂಬುತ್ತಾರೆ, ಇಲ್ಲಿ ಪಲ್ಲವಿ ತಿರುಗಿ ಬಂದಾಗ ಹಾಡುಗಾರ ಆಲಾಪ ತಾನುಗಳನ್ನು ತುಂಬುತ್ತಾನೆ. ಒಬ್ಬರಿಂದೊಬ್ಬರು ಕಲಿತದ್ದಲ್ಲ ಇದು. ಸಂಗೀತದ ಮೂಲಕ ಕಥೆ ಹೇಳಲು ಹೊರಟ ಎರಡು ನಾಡುಗಳು ತಾವಾಗಿಯೇ ಕಂಡುಕೊಂಡ ಒಂದೇ ಉತ್ತರ.

ಕಥೆಯ ಆಯ್ಕೆಯಲ್ಲಿಯೂ ದೊಡ್ಡ ಸಾಕ್ಷಿಯಿದೆ. ಪಾರಿಜಾತದ ಪ್ರಸಂಗ ಪುರಾಣಗಳಲ್ಲಿ ಒಂದೇ ರೀತಿ ಇಲ್ಲ. ವಿಷ್ಣುಪುರಾಣದಲ್ಲಿ ನರಕಾಸುರನ ವಧೆಯಾದ ಮೇಲೆ ಕೃಷ್ಣನ ಜೊತೆ ಸ್ವರ್ಗಕ್ಕೆ ಹೋದ ಸತ್ಯಭಾಮೆ ಇಂದ್ರನ ತೋಟದ ಪಾರಿಜಾತ ಮರವನ್ನು ತಾನೇ ಕಂಡು ಬಯಸುತ್ತಾಳೆ. ಮರಕ್ಕಾಗಿ ದೇವತೆಗಳ ಜೊತೆ ಯುದ್ಧವಾಗುತ್ತದೆ. ಹರಿವಂಶದ ಕಥೆ ಬೇರೆ ದಾರಿ ಹಿಡಿಯುತ್ತದೆ. ನಾರದ ಒಂದು ಹೂ ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ನಮ್ಮ ಪಾರಿಜಾತ ಹಿಡಿದದ್ದು ಈ ಎರಡನೆಯ ದಾರಿಯನ್ನು. ಯುದ್ಧವೇ ಬೇಕಿದ್ದರೆ ಕವಿಗೆ ಕಷ್ಟವಿರಲಿಲ್ಲ. ವೀರರ ಕುಣಿತ, ಭುಜಕೀರ್ತಿ, ಕಿರೀಟ, ಆರ್ಭಟಗಳ ದೊಡ್ಡಾಟದ ಪರಂಪರೆ ಪಕ್ಕದಲ್ಲೇ ಇತ್ತು, ಜನ ಅದನ್ನು ಮೆಚ್ಚಿಯೂ ಇದ್ದರು. ಆದರೂ ಇಂದ್ರನ ಜೊತೆಗಿನ ಕದನವನ್ನು ಹಿಂದಕ್ಕೆ ಸರಿಸಿ, ರಾತ್ರಿಯ ಬಹುಪಾಲು ಹೊತ್ತನ್ನು ಒಬ್ಬ ಹೆಣ್ಣಿನ ಮನೆಯೊಳಗೆ, ಅವಳ ಮುನಿಸು, ಅಭಿಮಾನ, ಕಾಯುವಿಕೆಗಳಿಗೆ ಕೊಟ್ಟದ್ದು ತಿಳಿದೇ ಮಾಡಿದ ಆಯ್ಕೆ. ಹೀಗಾಗಿ ಪಾರಿಜಾತ ದೊಡ್ಡಾಟದ ಪುರಾಣವನ್ನೂ ಸಣ್ಣಾಟದ ಸಂಸಾರವನ್ನೂ ಒಟ್ಟಿಗೆ ತಂದಿತು. ಈ ಎರಡು ಬಗೆಯ ಆಟಗಳು ಬೇರೆ ಬೇರೆ ನಿಂತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಬೇರೆ ಭಾಷೆಗಳೂ ಈ ಅರಸಿಯನ್ನು ಹೀಗೆಯೇ ಎತ್ತರಕ್ಕೆ ಏರಿಸಿವೆ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಬರೆದ ಪಾರಿಜಾತಾಪಹರಣದಲ್ಲಿ, ಕಾಲಿಗೆ ಬಿದ್ದ ಕೃಷ್ಣನ ತಲೆಯನ್ನು ಸತ್ಯಭಾಮೆ ಎಡಗಾಲಿನಿಂದ ಒದೆಯುವ ಪ್ರಸಂಗ ಇಂದಿಗೂ ಪ್ರಸಿದ್ಧ. ಸಿದ್ಧೇಂದ್ರ ಯೋಗಿಯ ಹೆಸರಿನಲ್ಲಿರುವ ಭಾಮಾಕಲಾಪ ಕೂಚಿಪೂಡಿಯ ತಿರುಳು. ಅಲ್ಲಿ ಸತ್ಯಭಾಮೆಯ ಪಾತ್ರವನ್ನು ಪರಂಪರೆಯಂತೆ ಪುರುಷರೇ ಮಾಡುತ್ತಿದ್ದರು. ವೇದಾಂತಂ ಸತ್ಯನಾರಾಯಣ ಶರ್ಮ ಅವರು ಆ ಪಾತ್ರದಿಂದಲೇ ದೇಶದಲ್ಲೆಲ್ಲ ಹೆಸರಾದರು. ದೂರದ ಅಸ್ಸಾಮಿನಲ್ಲಿ ಶಂಕರದೇವ ಕೂಡ ಹದಿನಾರನೆಯ ಶತಮಾನದಲ್ಲಿ ಪಾರಿಜಾತ ಹರಣವನ್ನು ಅಂಕಿಯಾ ನಾಟ ಎಂಬ ಬಗೆಯ ನಾಟಕವಾಗಿ ಬರೆದ. ಇವುಗಳಲ್ಲಿ ಕೂಚಿಪೂಡಿಗೆ ಇಂದು ಶಾಸ್ತ್ರೀಯ ನೃತ್ಯದ ಮನ್ನಣೆಯಿದೆ, ಅಂಕಿಯಾ ನಾಟಕ್ಕೆ ಸತ್ರಗಳೆಂಬ ವೈಷ್ಣವ ಮಠಗಳ ಆಸರೆಯಿದೆ, ತಿಮ್ಮನನ ಕಾವ್ಯಕ್ಕೆ ವಿಶ್ವವಿದ್ಯಾಲಯಗಳ ಪಾಠವಿದೆ. ಅದೇ ಅರಸಿ, ಅದೇ ಹೂವು, ಅಷ್ಟೇ ಪಳಗಿದ ಹಾಡುಗಾರಿಕೆ ಇರುವ ಘಟಪ್ರಭೆಯ ದಂಡೆಯ ಕೃತಿ ಮಾತ್ರ ಜಾತ್ರೆಯ ಮನರಂಜನೆಯ ಪಟ್ಟಿಯಲ್ಲಿ ಉಳಿಯಿತು. ವ್ಯತ್ಯಾಸ ಕಲೆಯ ಗುಣದಲ್ಲಿಲ್ಲ, ಅದಕ್ಕೆ ಸಿಕ್ಕ ಆಸರೆಯಲ್ಲಿದೆ.

ಈ ವಾದಕ್ಕೆ ಮೊದಲ ಆಕ್ಷೇಪ ಕಥೆಯ ಒಳಗಿನಿಂದಲೇ ಬರುತ್ತದೆ. ಇದು ಇಬ್ಬರು ಸವತಿಯರ ಜಗಳ ಅಷ್ಟೇ, ಕೊನೆಗೆ ಗೆಲ್ಲುವುದು ಗಂಡನ ಜಾಣತನ, ಮರ ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೂ ಹೂ ಉದುರುವುದು ರುಕ್ಮಿಣಿಯ ಅಂಗಳದಲ್ಲಿ, ಹಾಗಿದ್ದ ಮೇಲೆ ಇದನ್ನು ರಾಣಿಯ ನಾಟಕ ಎನ್ನುವುದು ಹೇಗೆ ಎಂಬ ಪ್ರಶ್ನೆ ಅದು. ಪ್ರಶ್ನೆಯಲ್ಲಿ ತೂಕವಿದೆ. ಕಥೆಯ ನೀತಿಯನ್ನಷ್ಟೇ ಎತ್ತಿಕೊಂಡರೆ ಪಾರಿಜಾತ ಅಹಂಕಾರ ಇಳಿಸುವ ಭಕ್ತಿಯ ಪಾಠ. ಆದರೆ ಸಂಗೀತನಾಟಕವನ್ನು ಕಥೆಯ ಕೊನೆಯ ಸಾಲಿನಿಂದ ಅಳೆಯಬಾರದು. ಯಾರ ಕಂಠಕ್ಕೆ ಯಾವ ಹಾಡು ಸಿಕ್ಕಿದೆ, ಎಷ್ಟು ಹೊತ್ತು ಸಿಕ್ಕಿದೆ ಎಂಬುದರಿಂದ ಅಳೆಯಬೇಕು. ಹೆನ್ರಿ ಪರ್ಸೆಲ್ ರಚಿಸಿದ ದೀದೋ ಮತ್ತು ಈನಿಯಸ್ ಎಂಬ ಇಂಗ್ಲಿಷ್ ಆಪೆರಾ 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪ್ರದರ್ಶನವಾಯಿತು. ಅದರ ಕಥೆಯಲ್ಲಿ ರಾಣಿ ದೀದೋ ಸೋಲುತ್ತಾಳೆ, ಪ್ರಿಯಕರ ಬಿಟ್ಟುಹೋಗುತ್ತಾನೆ, ಅವಳು ಸಾಯುತ್ತಾಳೆ. ಆದರೂ ಕೊನೆಗೆ ಮಂದ್ರದ ಒಂದೇ ಸ್ವರಸಾಲು ಮತ್ತೆ ಮತ್ತೆ ಕೆಳಗಿಳಿಯುತ್ತಿರುವಾಗ ಅದರ ಮೇಲೆ ಅವಳು ಹಾಡುವ ಶೋಕಗೀತೆಯೇ ಮುನ್ನೂರು ವರ್ಷ ಉಳಿಯಿತು. ಬಿಟ್ಟುಹೋದವನ ಒಂದು ಹಾಡೂ ಜನರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಪಾರಿಜಾತದಲ್ಲಿಯೂ ಕೃಷ್ಣ ದೇವರು, ಅವನ ಮಾತೇ ನಡೆಯಬೇಕು. ಆದರೆ ಜಾತ್ರೆಯಿಂದ ಮನೆಗೆ ಹೋಗುವವರು ಮಾತಾಡಿಕೊಳ್ಳುವುದು ಭಾಮೆಯ ಪಾತ್ರ ಹೇಗಾಯಿತು ಎಂದೇ. ಮೇಳದ ಹೆಸರು ನಿಲ್ಲುವುದೂ ಬೀಳುವುದೂ ಅವಳ ಸೋಗಿನ ಮೇಲೆ. ಮದುವೆಯಲ್ಲಿ ಸಮಪಾಲು ಸಿಗದ ಹೆಣ್ಣು ತನಗೆ ಸಲ್ಲಬೇಕಾದದ್ದನ್ನು ದೇವರ ಎದುರಿಗೇ ಎಲ್ಲರ ಮುಂದೆ ಹಾಡಿ ಕೇಳುತ್ತಾಳೆ, ಊರಿನ ಹೆಣ್ಣುಮಕ್ಕಳು ಬೆಳಗಿನವರೆಗೆ ಕೂತು ಅದನ್ನು ಕೇಳುತ್ತಾರೆ. ಇದಕ್ಕಿಂತ ಬಲವಾದ ಸಾಕ್ಷಿ ಬೇಡ.

ಎರಡನೆಯ ಆಕ್ಷೇಪ ಹೋಲಿಕೆಯ ಬಗ್ಗೆಯೇ ಇದೆ. ನಮ್ಮ ಆಟಕ್ಕೆ ಬೆಲೆ ಬರಲು ಯುರೋಪಿನ ಆಪೆರಾದ ಅಳತೆಗೋಲು ಬೇಕೇ? ಬೇಡ. ಹೋಲಿಸುವುದು ಅವರಿಂದ ಗೌರವ ಕಡ ತರಲಿಕ್ಕಲ್ಲ, ಅವರು ತಮ್ಮ ಕೃತಿಗಳನ್ನು ಹೇಗೆ ನಡೆಸಿಕೊಂಡರು ಎಂದು ಕಲಿಯಲಿಕ್ಕೆ. ಜರ್ಮನಿಯ ಹ್ಯಾಂಬರ್ಗಿನ ಯೋಹಾನ್ ಮಾಥೆಸನ್ ಈಜಿಪ್ತಿನ ರಾಣಿ ಕ್ಲಿಯೋಪಾತ್ರಳ ಮೇಲೆ 1704ರಲ್ಲಿ ಒಂದು ಆಪೆರಾ ರಚಿಸಿದ. ಅವನೇ ಅವಳ ಪ್ರಿಯಕರ ಆಂಟೋನಿಯ ಪಾತ್ರ ಹಾಡುತ್ತಿದ್ದ, ರಂಗದ ಮೇಲೆ ಪಾತ್ರ ಸತ್ತ ಮೇಲೆ ಕೆಳಗಿಳಿದು ವಾದ್ಯಮೇಳದ ಮುಂದಾಳಾಗಿ ಕೂರುತ್ತಿದ್ದ. ಒಂದು ದಿನ ಆ ಜಾಗದಲ್ಲಿ ಕೂತಿದ್ದ ಹತ್ತೊಂಬತ್ತರ ಹರೆಯದ ಸಂಗೀತಗಾರ ಹ್ಯಾಂಡೆಲ್ ಎದ್ದು ಜಾಗ ಬಿಡಲಿಲ್ಲ. ಜಗಳ ಕತ್ತಿಯವರೆಗೆ ಹೋಗಿ, ಅಂಗಿಯ ಲೋಹದ ಗುಂಡಿಯೊಂದು ಹ್ಯಾಂಡೆಲನ ಜೀವ ಉಳಿಸಿತು. ರಚಿಸುವವನು, ಹಾಡುವವನು, ಮೇಳ ನಡೆಸುವವನು ಒಬ್ಬನೇ ಆಗಿರುವುದು ನಮ್ಮ ಭಾಗವತರ ಲೋಕದಲ್ಲಿಯೂ ಇದ್ದದ್ದೇ. 1725ರಲ್ಲಿ ನೇಪಲ್ಸಿನಲ್ಲಿ ಹಾಸ್ಸೆ ಎಂಬ ಸಂಗೀತಗಾರ ರಚಿಸಿದ ಇನ್ನೊಂದು ಕೃತಿಯಲ್ಲಿ ಕ್ಲಿಯೋಪಾತ್ರಳಾಗಿ ಹಾಡಿದವನು ಫರಿನೆಲ್ಲಿ ಎಂಬ ಗಂಡಸು, ಆಂಟೋನಿಯಾಗಿ ಹಾಡಿದವಳು ವಿತ್ತೋರಿಯಾ ತೇಸಿ ಎಂಬ ಹೆಂಗಸು. ಗಂಡು ಹೆಣ್ಣಾಗುವ ಸೋಗು ಹಳ್ಳಿಯ ಒರಟುತನ ಎಂದು ಮೂಗು ಮುರಿದವರಿಗೆ ಇದು ಉತ್ತರ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಾಥೆಸನ್ 1710ರಲ್ಲಿ ಬರೆದ, ರಷ್ಯದ ದೊರೆ ಬೋರಿಸ್ ಗೊದುನೋವ್ ಕಥೆಯ ಆಪೆರಾ ಅವನ ಕಾಲದಲ್ಲಿ ರಂಗಕ್ಕೇ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವನ ಹಸ್ತಪ್ರತಿಗಳು ಚೆಲ್ಲಾಪಿಲ್ಲಿಯಾಗಿ ಅರ್ಮೇನಿಯಾದ ಯೆರೆವಾನ್ ನಗರ ಸೇರಿದ್ದವು. 1998ರಲ್ಲಿ ಅವು ಹ್ಯಾಂಬರ್ಗಿಗೆ ಮರಳಿದವು, 2005ರಲ್ಲಿ ಆ ಕೃತಿ ಮೊದಲ ಸಲ ಜನರ ಎದುರು ಬಂತು. ಸ್ವರಸಮೇತ ಬರೆದಿಟ್ಟ ಕಾಗದ ಇದ್ದದ್ದಕ್ಕೆ ಮುನ್ನೂರು ವರ್ಷದ ಮೌನ ಮುರಿಯಿತು. ನಮ್ಮ ಪಾರಿಜಾತ ಒಂದು ತಲೆಮಾರು ಮೌನವಾದರೂ ಸಾಕು, ಪದಗಳ ಮಾತು ವಹಿಯಲ್ಲಿ ಉಳಿದು ಧಾಟಿ ಹೋಗಿಬಿಡುತ್ತದೆ.

ಮೂರನೆಯ ಆಕ್ಷೇಪ ನಮ್ಮ ಗಡಿನಾಡಿನದು. ಪಾರಿಜಾತದ ಹಾಡುಗಳಲ್ಲಿ ಕೇಳುವುದು ಹಿಂದುಸ್ತಾನಿ ಧಾಟಿ, ಪೇಟಿ ತಬಲಾಗಳ ಬಳಕೆ ಮರಾಠಿ ಸಂಗೀತ ನಾಟಕದ ಪ್ರಭಾವ, ಹಾಗಾಗಿ ಇದು ಸ್ವತಂತ್ರ ಪರಂಪರೆಯಲ್ಲ ಎನ್ನುತ್ತಾರೆ. ಮುಂಬಯಿ ಪ್ರಾಂತದ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಮೇಲೆ ಮರಾಠಿ ರಂಗಭೂಮಿಯ ನೆರಳು ದಟ್ಟವಾಗಿ ಇದ್ದದ್ದು ನಿಜ. ಮಿರಜ, ಸಾಂಗಲಿ, ಕೊಲ್ಹಾಪುರಗಳ ಗಾಯಕರ ಕಂಠ ಈ ಕಡೆಗೂ ಕೇಳಿಸುತ್ತಿತ್ತು, ಹಾಡುಗಾರರು ಅದರಿಂದ ಕಲಿತರು. ಆದರೆ ಕೊಡುಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. 1842ರಲ್ಲಿ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿದ್ದನ್ನು ನೋಡಿದ ಮೇಲೆಯೇ ಅಲ್ಲಿನ ಸಂಸ್ಥಾನಿಕರು ಅಂಥದ್ದು ಮರಾಠಿಯಲ್ಲಿಯೂ ಬೇಕೆಂದು ಬಯಸಿದರು. ಮರುವರ್ಷ ವಿಷ್ಣುದಾಸ ಭಾವೆ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿ ಆ ದಿನವನ್ನೇ ತನ್ನ ಹುಟ್ಟು ಎಂದು ಎಣಿಸುತ್ತದೆ. 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ರಾತ್ರಿಯಿಡೀ ಹಾಡಿನ ಮೂಲಕ ಕಥೆ ಹೇಳುವ ರೂಢಿ ಗಟ್ಟಿಯಾಗಿದ್ದ ನೆಲದಲ್ಲಿ ಬೆಳೆದ ಮನುಷ್ಯ ಆ ರೂಪವನ್ನು ಆರಿಸಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಪೇಟಿ ಬಂದದ್ದು ಹೊರಗಿನಿಂದ ಎನ್ನುವುದಾದರೆ ಮರಾಠಿ ನಾಟಕಕ್ಕೂ ಅದು ಹೊರಗಿನದೇ. ವಾದ್ಯ ಬದಲಾದ ಮಾತ್ರಕ್ಕೆ ಪರಂಪರೆಯ ಒಡೆತನ ಬದಲಾಗುವುದಿಲ್ಲ.

ಈ ಪರಂಪರೆಯನ್ನು ಹೊತ್ತವರು ಯಾರು ಎಂಬುದನ್ನೂ ಚರಿತ್ರೆ ಬರೆಯಬೇಕು. ಯುರೋಪಿನಲ್ಲಿ ಆಪೆರಾ ಅರಮನೆಯಲ್ಲಿ ಹುಟ್ಟಿತು, 1637ರಲ್ಲಿ ವೆನಿಸ್ ನಗರದಲ್ಲಿ ಟಿಕೀಟು ಕೊಂಡು ನೋಡುವ ರಂಗಮಂದಿರ ತೆರೆದ ಮೇಲೆ ಸಾರ್ವಜನಿಕವಾಯಿತು. ಪಾರಿಜಾತಕ್ಕೆ ಅರಮನೆಯೂ ಇರಲಿಲ್ಲ, ಟಿಕೀಟೂ ಇರಲಿಲ್ಲ. ಊರಿನ ಪಟ್ಟಿ, ನೋಡುಗರು ರಂಗಕ್ಕೇ ಬಂದು ಕೊಡುವ ಆಯೇರಿ, ಸುಗ್ಗಿಯ ನಂತರದ ಬಿಡುವು, ಇಷ್ಟರ ಮೇಲೆ ಅದು ಬದುಕಿತು. ಹಗಲು ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಕೂತು ಮಾಸ್ತರ ಹೇಳಿದ ಪದವನ್ನು ಬಾಯಿಪಾಠ ಮಾಡಿದರು. ಕೂಚಿಪೂಡಿಯಂತೆ ಇದು ಕೆಲವು ಮನೆತನಗಳ ಸೊತ್ತಾಗಲಿಲ್ಲ. ಹಲವು ಜಾತಿಗಳವರು ಒಂದೇ ಮೇಳದಲ್ಲಿ ಹಾಡಿದರು. ಅಪ್ಪಾಲಾಲ ನದಾಫರಂಥ ಮುಸ್ಲಿಂ ಕಲಾವಿದರು ಕೃಷ್ಣನ ಕಥೆಯ ಈ ಆಟದಲ್ಲಿ ಹೆಸರು ಗಳಿಸಿದರು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವುದು ಬಯಲಾಟದಲ್ಲಿ ವಾಡಿಕೆಯಾಗಿದ್ದಾಗ ಕೌಜಲಗಿ ನಿಂಗಮ್ಮ ಪಾರಿಜಾತದಲ್ಲಿ ಮನೆಮಾತಾದಳು. ಊರೂರು ತಿರುಗಿ, ರಾತ್ರಿ ರಂಗದ ಮೇಲೆ ನಿಂತು ಹಾಡುವ ಹೆಣ್ಣನ್ನು ಸಮಾಜ ಕೊಂಕಿನಿಂದ ನೋಡುತ್ತಿದ್ದ ದಿನಗಳು ಅವು. ಕವಿಯಾಗಿ ಕುಲಗೋಡ ತಮ್ಮಣ್ಣನಿಗೆ ಎಷ್ಟು ಗೌರವ ಸಲ್ಲುತ್ತದೋ ಅಷ್ಟೇ ಗೌರವ ಆ ಪದಗಳಿಗೆ ಕಂಠ ಕೊಟ್ಟ ಈ ಕಲಾವಿದೆಗೂ ಸಲ್ಲಬೇಕು. ಸಂಗೀತನಾಟಕ ಬರೆದವರಿಂದ ಅರ್ಧ ಆಗುತ್ತದೆ, ಹಾಡಿದವರಿಂದ ಪೂರ್ತಿಯಾಗುತ್ತದೆ.

ಈ ಆಟಗಳ ಫಲ ಹೊಸ ಕನ್ನಡ ಸಾಹಿತ್ಯದಲ್ಲಿಯೂ ಕಾಣುತ್ತದೆ. ಹುಕ್ಕೇರಿ ತಾಲ್ಲೂಕಿನ ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟಗಳ ನಡುವೆಯೇ ಬೆಳೆದರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತೇ ಸಂಶೋಧನೆ ಮಾಡಿದರು. 1972ರಲ್ಲಿ ಬಂದ ಅವರ ಜೋಕುಮಾರಸ್ವಾಮಿ ನಾಟಕವನ್ನು ಬಿ.ವಿ. ಕಾರಂತರು ಆಡಿಸಿದಾಗ ಬೆಂಗಳೂರಿನ ಪ್ರೇಕ್ಷಕರು ಹಾಡು, ಕುಣಿತ, ಕಥೆ ಹೇಳುವ ಮೇಳ ಒಟ್ಟಾದ ಹೊಸ ನಾಟಕ ಕಂಡೆವೆಂದು ಸಂಭ್ರಮಿಸಿದರು. ಗೋಕಾಕ ಹುಕ್ಕೇರಿಯ ಹಳ್ಳಿಗರಿಗೆ ಆ ರೂಪ ಹೊಸದಾಗಿರಲಿಲ್ಲ. 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಕಂಬಾರರಿಗೆ ಬಂತು. ಫಲಕ್ಕೆ ಇಷ್ಟು ಮನ್ನಣೆ ಕೊಟ್ಟ ನಾವು ಬೇರಿಗೆ ನೀರು ಹಾಕುವುದನ್ನು ಮರೆಯಬಾರದು.

ಆಗಬೇಕಾದ ಕೆಲಸ ದೊಡ್ಡದಲ್ಲ, ಆದರೆ ತಡಮಾಡುವಂತಿಲ್ಲ. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ. ಪಾರಿಜಾತದ ಇಡೀ ರಾತ್ರಿಯ ಆಟವನ್ನು ಹಳೆಯ ಕಲಾವಿದರ ಕಂಠದಲ್ಲಿ ಪೂರ್ತಿಯಾಗಿ ಧ್ವನಿಮುದ್ರಿಸಿ, ಪ್ರತಿ ಪದದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದು, ಮೇಳಗಳ ವಹಿಗಳನ್ನು ಒಂದಕ್ಕೊಂದು ಹೋಲಿಸಿ ಅಚ್ಚುಹಾಕಿಸುವುದು ಇವರಿಂದ ಆಗುವ ಕೆಲಸವೇ. ಕಾಲೇಜುಗಳ ಕನ್ನಡ ವಿಭಾಗಗಳು ಇದನ್ನು ಜಾನಪದದ ಪತ್ರಿಕೆಯಲ್ಲಿ ಮಾತ್ರ ಓದಿಸದೆ ನಾಟಕ ಸಾಹಿತ್ಯದ ಪತ್ರಿಕೆಯಲ್ಲಿಯೂ ಓದಿಸಬೇಕು, ಸಂಗೀತ ವಿಭಾಗಗಳು ಇದನ್ನು ಹಾಡಿಸಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಅಜ್ಜ ಮುತ್ತಜ್ಜ ಬರೆದಿಟ್ಟ ಪಾರಿಜಾತದ ವಹಿ ಯಾವುದಾದರೂ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ರದ್ದಿಗೆ ಹಾಕಬೇಡಿ, ಯಾರಿಗಾದರೂ ತೋರಿಸಿ, ಒಂದು ಪ್ರತಿ ಮಾಡಿಸಿ. ಕನ್ನಡದ ಸಂಗೀತನಾಟಕದ ಚರಿತ್ರೆಯ ಮೊದಲ ಪುಟಗಳು ಆ ವಹಿಗಳಲ್ಲಿಯೇ ಇವೆ.